ಹನ್ನೊಂದು ಬಾಟಲಿ ಜೇನಂಟು

2007ರ ಮಾರ್ಚ್ 12, ಸೋಮವಾರ ಬೆಳಿಗ್ಗೆ 10.20. ದೆಹಲಿಯ ಹೌಜ್ ಖಾಸ್ ಬಳಿಯ ಠಾಣೆಗೆ ಬಂದ ಸಂಶೋಧಕಿ ಪ್ರಕೃತಿಯ ದೂರು ಕೇಳಿ ಹೆಡ್ ಕಾನ್‌ಸ್ಟೆಬಲ್ ದಲ್‌ಬೀರ್‌ಗೆ ನಗು ತಡೆಯಲಾಗಲಿಲ್ಲ. ಕಳುವಾದದ್ದು ಜೇನುಗೂಡಿನ ಅಂಟು!

ಇನ್‌ಸ್ಪೆಕ್ಟರ್ ಈಶ್ವರಪ್ಪ ನಗಲಿಲ್ಲ. ಅವನಂತೆ ಹುಡುಗಿಯೂ ಕನ್ನಡದವಳು, ಆದರೆ ದೆಹಲಿಯಲ್ಲೇ ಬೆಳೆದವಳು. ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ವಿವರಿಸಿದಳು. ಗೂಡಿನ ಬಿರುಕು ಮುಚ್ಚಲು ಜೇನುಹುಳುಗಳು ಬಳಿಯುವ ಅಂಟು ಅದು, ಪ್ರೋಪೋಲಿಸ್. ಸ್ಪಿರಿಟ್‌ನಲ್ಲಿ ಕರಗಿಸಿದ ಆ ಅಂಟು ರೋಗಾಣುಗಳನ್ನು ಕೊಲ್ಲುತ್ತದೆಂದು ಪ್ರಬಂಧ ಬರೆದು ಅವಳ ಗೈಡ್ ಪ್ರೊಫೆಸರ್ ಅಶ್ವತ್ಥನಾರಾಯಣ ಹೆಸರು ಮಾಡಿದ್ದರು. ಅದೇ ಹನ್ನೊಂದು ಬಾಟಲಿಗಳನ್ನು ಅವಳು ಇವತ್ತು ಮತ್ತೆ ಪರೀಕ್ಷಿಸಬೇಕಿತ್ತು. ಅವು ಸಿಗದಿದ್ದರೆ ನಾಲ್ಕು ವರ್ಷದ ಪಿಎಚ್‌ಡಿ ಮಣ್ಣುಪಾಲು.

11.45ಕ್ಕೆ ಎಫ್‌ಐಆರ್. ಒಂದು ಗಂಟೆಗೆ ಲ್ಯಾಬಿನಲ್ಲಿ ಪಂಚನಾಮೆ. ಶನಿವಾರ ಬಾಟಲಿಗಳನ್ನಿಟ್ಟಿದ್ದ ಫ್ರಿಜ್ಜಿನ ಬೀಗ ಒಡೆದಿರಲಿಲ್ಲ. ಬೀಗದ ಕೈ ಇದ್ದದ್ದು ಪ್ರಕೃತಿ, ಪ್ರೊಫೆಸರ್ ಮತ್ತು ಅಟೆಂಡರ್ ಮರಿಯಪ್ಪನ ಹತ್ತಿರ. ಸಿಂಕಿನ ತುಂಬ ಜಿಗುಟು ಕಂದು ಕಲೆ. ಸೋಪು ಹಾಕಿ ಉಜ್ಜಿದರೂ ಇದು ಚರ್ಮ ಬಿಟ್ಟು ಹೋಗುವುದಿಲ್ಲ ಎಂದಳು ಪ್ರಕೃತಿ.

ಮೂವರಲ್ಲಿ ಬಡವ ಯಾರೋ ಅವನೇ ಕಳ್ಳ, ಇದು ಠಾಣೆಗಳ ಹಳೇ ಚಾಳಿ. ದಲ್‌ಬೀರ್ ಮರಿಯಪ್ಪನನ್ನು ಕರೆತಂದು ನೆಲದ ಮೇಲೆ ಕೂರಿಸಿದ. ಈಶ್ವರಪ್ಪ ಬೇಡವೆನ್ನಲಿಲ್ಲ. ಹೇಳಿಕೆ ಕೊಡಲು ಬಂದ ಪ್ರೊಫೆಸರ್, ಇಪ್ಪತ್ತು ವರ್ಷದಿಂದ ತಮಗೆ ಚಹಾ ತಂದುಕೊಡುತ್ತಿದ್ದವನನ್ನು ಕಂಡೂ ಕಾಣದಂತೆ ಕುರ್ಚಿಯಲ್ಲಿ ಕೂತರು.

ಹೇಳಿಕೆಗೆ ಸಹಿ ಹಾಕುವಾಗ ಅವರ ಬೆರಳುಗಳ ಸಂದಿ ಕಂದಾಗಿರುವುದು ಕಾಣಿಸಿತು. ಈಶ್ವರಪ್ಪ ತಿರುಗಿ ಮರಿಯಪ್ಪನ ಕೈ ನೋಡಿದ. ಸ್ವಚ್ಛವಾಗಿತ್ತು.

"ಸರ್, ನಿನ್ನೆ ಲ್ಯಾಬಿಗೆ ಹೋಗಿದ್ರಾ?"

ಪ್ರೊಫೆಸರ್ ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡರು. "ಸಿಂಕಿಗೆ ಸುರಿದೆ," ಎಂದರು.

"ಯಾಕೆ?"

"ಬರೀ ಸ್ಪಿರಿಟ್ ನಲ್ಲಿ ಅದ್ದಿದ ಕಾಗದದ ಬಿಲ್ಲೆ ಒಂದನ್ನ ಅಂಟಿನ ಬಿಲ್ಲೆ ಪಕ್ಕದಲ್ಲಿಟ್ಟು ನೋಡಬೇಕಿತ್ತು. ಅವತ್ತು ಮರೆತೆ. ರೋಗಾಣು ಸತ್ತಿದ್ದು ಅಂಟಿನಿಂದಲೋ ಸ್ಪಿರಿಟ್‌ನಿಂದಲೋ ನನಗೇ ಗೊತ್ತಿಲ್ಲ. ಇವತ್ತು ಅವಳು ಇಡೋಳಿದ್ಲು." ಅವರ ದನಿ ಇಳಿಯಿತು. "ಮೊದಲ ವರ್ಷದ ಮಕ್ಕಳಿಗೆ ಇದನ್ನ ಕಲಿಸೋನೇ ನಾನು."

ಸಂಜೆ 5.10ಕ್ಕೆ ಪ್ರೊಫೆಸರರ ದಸ್ತಗಿರಿಯಾಯಿತು. ಆ ಮರೆವನ್ನು ಮೊದಲೇ ಒಪ್ಪಿಕೊಂಡಿದ್ದರೆ ಒಂದು ಪ್ರಬಂಧ ಹೋಗುತ್ತಿತ್ತು, ಅಷ್ಟೇ. ಈಗ ಪ್ರಕೃತಿ ಘಾಜಿಯಾಬಾದಿನ ಜೇನುಪೆಟ್ಟಿಗೆಗಳಿಂದ ಮತ್ತೆ ಮೊದಲಿನಿಂದ ಅಂಟು ಕೆರೆಯಬೇಕು.

ಈಶ್ವರಪ್ಪ ಮರಿಯಪ್ಪನಿಗೆ ಕುರ್ಚಿ ಎಳೆದುಕೊಟ್ಟ. ಅವನು ಕೂರಲಿಲ್ಲ.

"ನಮ್ಮ ಪ್ರೊಫೆಸರ್ ಸಾಹೇಬ್ರಿಗೆ ಸಕ್ಕರೆ ಕಾಯಿಲೆ ಇದೆ. ಮಧ್ಯಾಹ್ನದಿಂದ ಏನೂ ತಿಂದಿಲ್ಲ. ಸಕ್ಕರೆ ಹಾಕದ ಚಹಾ ತಂದ್ಕೊಡ್ಲಾ?"

ಪ್ರೊಫೆಸರ್ ಆ ಕಂದು ಕೈಯಲ್ಲೇ ಮುಖ ಮುಚ್ಚಿಕೊಂಡರು. ಈಶ್ವರಪ್ಪನಿಗೂ ಮರಿಯಪ್ಪನ ಮುಖ ನೋಡಲು ನಾಚಿಕೆಯಾಯಿತು. ತರಬಹುದು ಎಂದು ತಲೆಯಾಡಿಸಿದ.