ಆಲೆಮನೆಗೆ ಬಿದ್ದ ಬೆಂಕಿ

"ನನ್ ಮಗ ಯಾರ್ನೂ ಸಾಯ್ಸಿಲ್ಲ ಕಣವ್ವಾ," ಎಂದಳು ಮಾರಮ್ಮ. ಅಷ್ಟು ಹೇಳಿ ಹೊಸಿಲ ಹೊರಗೇ ಕುಸಿದು ಕುಳಿತಳು. ಒಳಗೆ ಬಾ ಎಂದು ಪ್ರಮೀಳಾ ಎರಡು ಸಲ ಕರೆದರೂ ಏಳಲಿಲ್ಲ. ಆಮೇಲೆ ಪ್ರಮೀಳಾ ತಾವೇ ಹೊರಗೆ ಬಂದು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತರು.

ಇದನ್ನು ಕಂಡ ಕೂಡಲೇ ತಿಮ್ಮರಾಜು ಮೇಷ್ಟ್ರಿಗೆ ಅವತ್ತಿನ ಕಾಫಿ ಕೈತಪ್ಪಿತು ಎಂದು ಗೊತ್ತಾಯಿತು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು ಅವರು. ಪಕ್ಕದ ಮನೆಯ ವಕೀಲೆ ಪ್ರಮೀಳಾಗೆ ಕಾರು ಓಡಿಸುವುದು, ಆಕೆಯಿಂದ ಬೈಸಿಕೊಳ್ಳುವುದು, ಈಗ ಉಳಿದಿದ್ದ ಉದ್ಯೋಗ ಇಷ್ಟೇ. ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಎಲ್ಲೂ ಬಿಚ್ಚದ ಗಂಟನ್ನು ಜನ ಕೊನೆಗೆ ಹೊತ್ತು ತರುತ್ತಿದ್ದುದು ಈ ಹೆಂಗಸಿನ ಜಗಲಿಗೆ. ಬಿಚ್ಚದೆ ವಾಪಸು ಕಳಿಸಿದ್ದನ್ನು ಮೇಷ್ಟ್ರು ಈವರೆಗೆ ಕಂಡಿರಲಿಲ್ಲ.

ಮಾರಮ್ಮ ತಂದದ್ದು ಊರೆಲ್ಲ ಆಡಿಕೊಳ್ಳುತ್ತಿದ್ದ ಸುದ್ದಿಯೇ. ಕಿಕ್ಕೇರಿಯ ಆಚೆ ಕೆರೆಕೊಪ್ಪಲಿನಲ್ಲಿ ಪುಟ್ಟಗೌರಮ್ಮ ಎಂಬ ನಿವೃತ್ತ ಸಂಗೀತ ಟೀಚರು, ಹಿಂದೆ ಬೆಲ್ಲ ಕಾಯಿಸುತ್ತಿದ್ದ ತಮ್ಮ ಹಳೆಯ ಆಲೆಮನೆಯನ್ನು ಮಕ್ಕಳ ಪಾಠಶಾಲೆ ಮಾಡಿದ್ದರು. ಹಾಡು, ಭರತನಾಟ್ಯ, ಕೋಲಾಟ, ತಮಟೆ, ಎಲ್ಲವೂ ಅಲ್ಲಿತ್ತು. ಫೀಸಿಲ್ಲ; ನೀನು ಯಾರ ಮಗ ಎಂಬ ಪ್ರಶ್ನೆಯಿಲ್ಲ. ಪೇಟೆಗೆ ಹೋಗಿ ಕಲಿಯಲಾಗದ ಕೂಲಿಯವರ ಮಕ್ಕಳು, ದಲಿತರ ಕಾಲೋನಿಯ ಮಕ್ಕಳು, ಗೌಡರ ಮನೆಯ ಮಕ್ಕಳು ಒಂದೇ ಚಾಪೆಯ ಮೇಲೆ ಕೂರುತ್ತಿದ್ದರು. ಭಾನುವಾರ ಮಧ್ಯಾಹ್ನ ಅದಕ್ಕೆ ಬೆಂಕಿ ಬಿತ್ತು. ಹಿಂದಿನ ಕೋಣೆಯಲ್ಲಿ ಮಲಗಿದ್ದ ಪುಟ್ಟಗೌರಮ್ಮನನ್ನು ತಮಟೆ ಕಲಿಸುತ್ತಿದ್ದ ಸಿದ್ದೇಶ ಹೊತ್ತು ತಂದ. ಆಂಬುಲೆನ್ಸಿನಲ್ಲೇ ಆಕೆಯ ಜೀವ ಹೋಯಿತು. ಸಿದ್ದೇಶ ಮಂಡ್ಯದ ಆಸ್ಪತ್ರೆಯಲ್ಲಿದ್ದ. ಹೊಗೆ ಕುಡಿದು ಗಂಟಲು ಕಟ್ಟಿತ್ತು, ಎರಡೂ ಕೈ ಬೆಂದಿದ್ದವು, ವಾರ್ಡಿನ ಬಾಗಿಲಲ್ಲಿ ಪೊಲೀಸಿನವನು ಕೂತಿದ್ದ.

"ತಮಟೆ ಕಾಯ್ಸಕ್ಕೆ ಬೆಂಕಿ ಆಕ್ದ, ಅದು ಸೂರಿಗೆ ಅತ್ಕತು ಅಂತಾವ್ರೆ," ಎಂದಳು ಮಾರಮ್ಮ. "ಅವ್ನ ಬಾಯಿಂದ ಮಾತೇ ಬರಾಕಿಲ್ಲ. ಕಾಲೋನಿಯೋರು ಎದ್ರಿ ಮಕ್ಳನ್ನೆಲ್ಲ ನೆಂಟ್ರ ಮನೆಗೆ ಸಾಗಾಕವ್ರೆ. ನಾನು ಆ ಇಸ್ಕೂಲೊಳಿಕ್ಕೆ ಒಂದಿನ ಕಾಲಿಟ್ಟೋಳಲ್ಲ. ಅವ್ನ ಪರವಾಗಿ ಮಾತಾಡೋರು ಯಾರವ್ವಾ?"

"ನಾನಿದೀನಲ್ಲ," ಎಂದರು ಪ್ರಮೀಳಾ. "ಮೇಷ್ಟ್ರೇ, ಬಾಯಿ ಬಿಟ್ಕೊಂಡು ನಿಂತಿದೀರಲ್ಲ, ಕಾರು ತೆಗೀರಿ."

ಆಲೆಮನೆಯ ತೆಂಗಿನ ಗರಿಯ ಸೂರು ಪೂರಾ ಹೋಗಿ ಕರಿ ಗೋಡೆಗಳು ಮಾತ್ರ ನಿಂತಿದ್ದವು. ಪಕ್ಕದ ಗೋಡೆಯ ಬುಡದಲ್ಲಿ ಮೂರು ಕಲ್ಲು, ಕಬ್ಬಿನ ತರಗು ಉರಿದ ಬೂದಿ. ಬೂದಿಯ ಸುತ್ತ ತಮಟೆಗಳ ಕಬ್ಬಿಣದ ಬಳೆಗಳು ಬಿದ್ದಿದ್ದವು. ಜಾತ್ರೆ ಹಬ್ಬಗಳಲ್ಲಿ ತಮಟೆ ಕಾಯಿಸುವವರನ್ನು ಕಂಡ ಯಾರಿಗೇ ಆಗಲಿ ನೋಡಿದ ತಕ್ಷಣ ಅರ್ಥವಾಗುವ ದೃಶ್ಯ. ಮೇಷ್ಟ್ರಿಗೂ ಆಯಿತು, ಪಾಪ, ಹುಡುಗ ಕೆಟ್ಟ ಎಂದುಕೊಂಡರು. ಪ್ರಮೀಳಾ ಒಂದು ಬಳೆಯನ್ನು ಎತ್ತಿ ನೋಡಿದರು. ಅಂಚಿನಿಂದ ಕರಿಯ ಅಂಟೊಂದು ತೊಟ್ಟಿಕ್ಕಿ ಹಾಗೇ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದರೂ ಬರಲಿಲ್ಲ.

ಕಸ ಗುಡಿಸುವ ದ್ಯಾವಮ್ಮ ಕಣ್ಣೀರು ಹಾಕುತ್ತಲೇ ಬಂದಳು. "ಬೆಳಗಿನ ಪಾಠ ಮುಗೀತು ಕಣವ್ವ. ದಿನದಂಗೆ ತಮಟೆ ಎಲ್ಲಾವ್ನೂ ಒದ್ದೆ ಬಟ್ಟೇಲಿ ಒರ್ಸಿ, ಒಳಗೆ ಬಾಗಿಲ ಪಕ್ಕದ ಗೂಟಕ್ಕೆ ನೇತಾಕಿ ಮನೆಗೋದೆ. ಅಮ್ಮೋರು ಬೆನ್ನು ನೋವು ಅಂತ ಮನೆಗೋಗ್ದೆ ಅಲ್ಲೇ ಮನಿಕಂಡಿದ್ದು ನನ್ಗೂ ಗೊತ್ತಿಲ್ಲ. ತಾಯಂತೋರು ಕಣವ್ವ, ಬೆಂಕೀಲಿ ಓಗೋ ಜೀವ್ವಾ ಅದು?"

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸುಟ್ಟ ತಂಬೂರಿಯ ಬುರುಡೆ ಹಿಡಿದು ಕೂತಿದ್ದವರು ಶಿವಲಿಂಗಯ್ಯ. ಹಾಡು ಕಲಿಸಲು ವಾರಕ್ಕೊಮ್ಮೆ ನಾಗಮಂಗಲದಿಂದ ಬರುತ್ತಿದ್ದವರು.

"ಭಾನುವಾರ ಜಗಳ ಆಡಿದ್ದು ನಿಜ," ಎಂದರು ಕೇಳುವ ಮೊದಲೇ. "ತಂಬೂರಿ ಪಕ್ಕದಲ್ಲಿ ತಮಟೆ ಏನು ಟೀಚರ್ ಅಂದೆ. ನಾದವೇನ್ರೀ ಅದು? ಬಕೆಟ್ ಬಡಿದ ಹಾಗೆ! ಒಂದನ್ನು ಕೈಗೆ ತಗೊಂಡು ಬಡಿದೂ ತೋರಿಸಿದೆ. ಆಯಮ್ಮ ನಕ್ಕುಬಿಟ್ಟರು. ನಾನು ಸಿಟ್ಟಿಗೆ ಊಟವನ್ನೂ ಮಾಡದೆ ಹೊರಟೆ."

"ನೇರ ನಾಗಮಂಗಲಕ್ಕೆ?"

"ಇಲ್ಲ. ಬಸ್ಸು ತಪ್ಪಿತು. ಕಿಕ್ಕೇರಿಯಲ್ಲಿ ಒಬ್ಬನೇ ಕೂತಿದ್ದೆ. ನೋಡಿದವರು ಯಾರೂ ಇಲ್ಲ, ನೀವು ನಂಬಬೇಕು ಅಂತಲೂ ಇಲ್ಲ."

ಮೇಷ್ಟ್ರು ಪ್ರಮೀಳಾ ಕಡೆ ಹುಬ್ಬು ಹಾರಿಸಿದರು. ಇಷ್ಟು ಸುಲಭದಲ್ಲಿ ಕಳ್ಳ ಸಿಕ್ಕನಲ್ಲ ಎಂದು ಅವರಿಗೆ ಒಳಗೊಳಗೇ ಖುಷಿ. ಪ್ರಮೀಳಾ ಅವರತ್ತ ನೋಡಲೂ ಇಲ್ಲ.

ಆಲೆಮನೆಯ ಬೇಲಿ ದಾಟಿದರೆ ರವೀಂದ್ರನ ತೋಟ ಮತ್ತು ಮನೆ. ಪುಟ್ಟಗೌರಮ್ಮನ ಮೈದುನನ ಮಗ. ಹಾಲಿನ ಸಂಘದ ಅಧ್ಯಕ್ಷ, ಊರಲ್ಲಿ ನಾಲ್ಕು ಜನ ಎದ್ದು ನಿಲ್ಲುವ ಮನುಷ್ಯ. ದೊಡ್ಡವ್ವನ ಸಾವಿಗೆ ಮುಖ ಬಾಡಿತ್ತು. ಆದರೂ ಬಂದವರಿಗೆ ಎಳನೀರು ಕೊಡದೆ ಬಿಡಲಿಲ್ಲ. ಆಳು ಉದ್ದನೆಯ ದೋಟಿ ತಂದು ಅಲ್ಲೇ ಇದ್ದ ಗಿಡ್ಡ ಮರದಿಂದ ಕಾಯಿ ಕಿತ್ತು, ದೋಟಿಯನ್ನು ಗೋಡೆಗೆ ಒರಗಿಸಿದ. ಅದರ ತುದಿಯ ಕೊಕ್ಕೆಗೆ ಏನೋ ಕರ್ರಗೆ ಮೆತ್ತಿತ್ತು. ಮರದ ಅಂಟಿರಬೇಕು ಎಂದುಕೊಂಡು ಮೇಷ್ಟ್ರು ಎಳನೀರಿಗೆ ಬಾಯಿಟ್ಟರು.

"ನಾನು ಕಣ್ಣಾರೆ ಕಂಡೆ ಮೇಡಂ," ಎಂದ ರವೀಂದ್ರ. "ತೋಟದಲ್ಲಿ ನೀರು ಕಟ್ತಿದ್ದೆ. ಸಿದ್ದೇಶ ತರಗಿಗೆ ಬೆಂಕಿ ಆಕಿ ತಮಟೆ ಹಿಡ್ಕಂಡು ನಿಂತಿದ್ದ. ತಿರುವಿ ತಿರುವಿ ಕಾಯಿಸ್ತಾನೆ, ನಡುವೆ ಬೆರಳಲ್ಲಿ ತಟ್ಟಿ ಸದ್ದು ನೋಡ್ತಾನೆ, ಪುನಃ ಕಾಯಿಸ್ತಾನೆ. ಗಾಳಿ ಬೇರೆ ಇತ್ತು. ಹುಷಾರು ಕಣ್ಲಾ ಅಂತ ಕೂಗಿ ಹೇಳ್ಬೇಕು ಅಂದ್ಕಂಡೆ. ಹೇಳಿದ್ರೆ ದೊಡ್ಡವ್ವ ಉಳೀತಿದ್ಲೇನೋ."

"ನಿಮ್ಮ ಮಗಳೂ ಅಲ್ಲೇ ಕಲೀತಿದ್ದಳಲ್ಲ? ತಮಟೇನೂ ಬಾರಿಸ್ತಿದ್ದಳಾ?"

"ಛೆ ಛೆ, ನಮ್ಮನೆ ಹೆಣ್ಮಗು ಅದ್ನ್ಯಾಕೆ ಮುಟ್ಟುತ್ತೆ ಮೇಡಂ? ಬರೀ ಡ್ಯಾನ್ಸು. ಅದೂ ದೊಡ್ಡವ್ವನ ಬಲವಂತಕ್ಕೆ. ನಾನಂತೂ ಆ ಹೊಸಿಲು ತುಳಿದೋನೂ ಅಲ್ಲ."

ಕಾರಿನಲ್ಲಿ ಮೇಷ್ಟ್ರು ಶಿವಲಿಂಗಯ್ಯನವರ ಮೇಲೆ ತಮ್ಮ ವಾದವನ್ನೆಲ್ಲ ಬಿಡಿಸಿಟ್ಟರು. ಪ್ರಮೀಳಾ ಕೇಳಿಸಿಕೊಂಡು, "ನಿಮ್ಮದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕೋ ವೈದ್ಯ," ಎಂದು ಸಬ್ ಇನ್ಸ್‌ಪೆಕ್ಟರಿಗೆ ಫೋನ್ ಹಚ್ಚಿದರು.

ಮರುದಿನ ಬೆಳಗ್ಗೆ ಎಲ್ಲರೂ ಆಲೆಮನೆಯ ಅಂಗಳದಲ್ಲಿ ಸೇರಿದರು. ಸಬ್ ಇನ್ಸ್‌ಪೆಕ್ಟರು, ದ್ಯಾವಮ್ಮ, ಶಿವಲಿಂಗಯ್ಯ, ದೂರದಲ್ಲಿ ಮಾರಮ್ಮ. ರವೀಂದ್ರ ಮಗಳು ಅರ್ಪಿತಳನ್ನು ಕರೆದುಕೊಂಡು ಬಂದಿದ್ದ. ಪಿಯುಸಿ ಓದುವ ಹುಡುಗಿ. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು.

ಪ್ರಮೀಳಾ ಕಬ್ಬಿಣದ ಬಳೆ ಎತ್ತಿ ಹಿಡಿದರು. "ಮೇಷ್ಟ್ರೇ, ಚರ್ಮ ಸುಟ್ಟರೆ ಏನಾಗುತ್ತೆ?"

"ಸುರುಟಿಕೊಂಡು ಕರಕಲಾಗುತ್ತೆ. ಊರೆಲ್ಲ ನಾರುತ್ತೆ."

"ಕರಗಿ ತೊಟ್ಟಿಕ್ಕುತ್ತಾ?"

"ಇಲ್ಲ," ಎಂದವರೇ ಮೇಷ್ಟ್ರು ಬಳೆಯನ್ನು ಇಸಿದುಕೊಂಡು ನೋಡಿದರು. ಅಯ್ಯೋ ನನ್ನ ಬುದ್ಧಿಗಿಷ್ಟು ಎಂದು ಹಣೆ ಚಚ್ಚಿಕೊಳ್ಳುವಂತಾಯಿತು.

"ಇವು ಪ್ಲಾಸ್ಟಿಕ್ ಹೊದಿಕೆಯ ತಮಟೆಗಳು," ಎಂದರು ಪ್ರಮೀಳಾ. "ಈಗ ಅಂಗಡಿಯಲ್ಲೇ ಸಿಗುತ್ತವೆ. ಚರ್ಮವಾದರೆ ತಂಡಿಗೆ ಸಡಿಲವಾಗುತ್ತೆ, ಬೆಂಕಿ ಕಾಯಿಸಿ ಬಿಗಿ ಮಾಡಬೇಕು. ಇದಕ್ಕೆ ಬೆಂಕಿ ತೋರಿಸಿದರೆ ತಮಟೆಯೇ ಕರಗಿ ಹೋಗುತ್ತೆ. ನಿನ್ನೆ ದ್ಯಾವಮ್ಮ ದಿನಾ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ ಅಂದಳು. ಚರ್ಮದ ತಮಟೆಗೆ ಯಾರಾದರೂ ನೀರು ಸೋಕಿಸ್ತಾರಾ? ಶಿವಲಿಂಗಯ್ಯನವರು ಬಕೆಟ್ ಸದ್ದು ಅಂದರು, ಸರಿಯಾಗೇ ಅಂದರು. ಕಲಿಸೋ ಸಿದ್ದೇಶ, ಒರೆಸೋ ದ್ಯಾವಮ್ಮ, ಕೈಗೆತ್ತಿ ಬಡಿದ ಶಿವಲಿಂಗಯ್ಯ, ಈ ಮೂವರಿಗೂ ಅದು ಪ್ಲಾಸ್ಟಿಕ್ ಅಂತ ಗೊತ್ತು. ಇವರಲ್ಲಿ ಯಾರೇ ಬೆಂಕಿ ಇಟ್ಟಿದ್ದರೂ ತಮಟೆ ಕಾಯಿಸೋ ನೆಪ ಹೂಡುತ್ತಿರಲಿಲ್ಲ. ಆ ನೆಪ ಹೂಡಿದವರು ತಮಟೆಯನ್ನು ಜನ್ಮದಲ್ಲಿ ಮುಟ್ಟದವರು."

"ದೂರದಿಂದ ನೋಡಿ ತಪ್ಪು ತಿಳಿದಿರಬಹುದಲ್ಲ?" ಎಂದರು ಮೇಷ್ಟ್ರು.

"ತಪ್ಪು ತಿಳಿಯೋದು ಬೇರೆ, ಮೇಷ್ಟ್ರೇ. ತಿರುವಿ ತಿರುವಿ ಕಾಯಿಸ್ತಿದ್ದ, ತಟ್ಟಿ ಸದ್ದು ನೋಡ್ತಿದ್ದ ಅಂತ ಕಣ್ಣಾರೆ ಕಂಡ ಹಾಗೆ ಹೇಳೋದು ಬೇರೆ. ನಡೆಯಲಾಗದ್ದನ್ನು ಕಂಡೆ ಅಂದವರು ಒಬ್ಬರೇ."

ಎಲ್ಲರ ಕಣ್ಣೂ ರವೀಂದ್ರನ ಮೇಲೆ ಬಿತ್ತು. "ಏನ್ ಮಾತಾಡ್ತಿದೀರ ಮೇಡಂ!" ಎಂದು ಅವನು ಎದ್ದ. "ನಮ್ ದೊಡ್ಡವ್ವ ಅವ್ಳು!"

"ಕೂತ್ಕೊಳ್ಳಿ. ಗೂಟದಲ್ಲಿದ್ದ ತಮಟೆಗಳು ಹೊರಗಿನ ಬೆಂಕಿಯ ಹತ್ತಿರ ಹೇಗೆ ಬಂದವು ಅನ್ನೋದೇ ನನಗೆ ಬಗೆಹರಿದಿರಲಿಲ್ಲ. ನಿಮ್ಮ ಎಳನೀರು ಬಗೆಹರಿಸಿತು. ಸುಡೋಕೆ ತಂದ ತಮಟೆಯನ್ನೂ ಕೈಯಲ್ಲಿ ಮುಟ್ಟಲು ನಿಮಗೆ ಮನಸ್ಸಾಗಲಿಲ್ಲ. ಹೊಸಿಲಾಚೆ ನಿಂತು ದೋಟಿಯಲ್ಲಿ ಒಂದೊಂದಾಗಿ ಕೊಕ್ಕೆ ಹಾಕಿ ಎಳೆದಿರಿ, ಅದರಲ್ಲೇ ಬೆಂಕಿಗೆ ನೂಕಿದಿರಿ. ಕರಗಿದ್ದು ಕೊಕ್ಕೆಗೆ ಮೆತ್ತಿಕೊಂಡಿತು. ಚರ್ಮ ಅಂತ ನಂಬಿದ್ದಿರಲ್ಲ, ಒರೆಸಬೇಕು ಅಂತ ನಿಮಗೆ ತೋಚಲೂ ಇಲ್ಲ."

"ಬೆಳಗ್ಗೆ ನೀವು ಈ ಕಡೆ ಹೊರಟ ಮೇಲೆ ದೋಟಿಯನ್ನು ವಶಕ್ಕೆ ತಗೊಂಡಿದೀವಿ," ಎಂದರು ಸಬ್ ಇನ್ಸ್‌ಪೆಕ್ಟರು. "ಬಳೆಯಲ್ಲಿರೋದೂ ಅದರಲ್ಲಿರೋದೂ ಒಂದೇನಾ ಅಂತ ಪರೀಕ್ಷೆಗೆ ಹೋಗಿದೆ."

ರವೀಂದ್ರ ಬಾಯಿ ತೆರೆಯುವಷ್ಟರಲ್ಲಿ ಅರ್ಪಿತ ಎದ್ದು ನಿಂತಳು.

"ಅಪ್ಪಾ, ಅವು ಪ್ಲಾಸ್ಟಿಕ್ಕು ಅಂತ ನಮಗೆಲ್ಲ ಗೊತ್ತಿತ್ತು. ನಾನೂ ಬಾರಿಸ್ತಿದ್ದೆ. ಒಂದಿನ ನಿನಗೆ ಗೊತ್ತಾಗಿ, ಚರ್ಮ ಮುಟ್ಟಿದ್ಲು ಅಂತ ನೀನು ನನ್ನ ಬಿಡಿಸ್ಬುಡ್ತೀಯ ಅಂತ ಅಜ್ಜಿ ನಿನಗೆ ಎದ್ರಿಕಂಡೇ ಅವನ್ನ ತಂದಿದ್ದು."

ಅದುವರೆಗೆ ಎದೆ ಸೆಟೆಸಿ ನಿಂತಿದ್ದ ಮನುಷ್ಯ ಅಲ್ಲೇ ಕುಕ್ಕರಿಸಿ ಎಲ್ಲ ಹೇಳಿದ. ಶ್ರೀರಂಗಪಟ್ಟಣದ ವೇದಿಕೆಯಲ್ಲಿ ಬರುವ ವಾರ ಅರ್ಪಿತ ಸಿದ್ದೇಶನ ತಮಟೆಗೆ ಹೆಜ್ಜೆ ಹಾಕುವುದಿತ್ತು. ಪಾಂಡವಪುರದ ನೆಂಟರು ಫೋನು ಮಾಡಿ, ಕಾಲೋನಿಯೋರ ಜೊತೆ ಮಗಳನ್ನು ಕುಣಿಸ್ತೀಯಂತಲ್ಲ ಎಂದು ನಕ್ಕಿದ್ದರು. ಅಷ್ಟಕ್ಕೆ ಆಲೆಮನೆ ಸುಟ್ಟಿತ್ತು. ಥೂ, ಒಂದು ನಗೆಗೆ ಒಂದು ಜೀವವೇ ಎಂದುಕೊಂಡರು ಮೇಷ್ಟ್ರು.

"ತಮಟೆ ಸುಟ್ರೆ, ಸೂರು ಬಿದ್ರೆ, ಪಾಠ ನಿಲ್ತದೆ ಅಂದ್ಕಂಡೆ," ಎಂದ ರವೀಂದ್ರ. "ದೊಡ್ಡವ್ವ ಒಳಗವ್ಳೆ ಅಂತ ನನ್ನಾಣೆ ಗೊತ್ತಿರ್ಲಿಲ್ಲ."

"ಆಕೆ ಕೂಗಲಿಲ್ಲವಾ?"

"ಕೂಗಿದ್ಲು. ನಾನು ಬೇಲಿ ತಾವ ಇದ್ದೆ. ಅಷ್ಟೊತ್ಗೆ ಸಿದ್ದೇಶ ಕೆರೆ ಕಡೆಯಿಂದ ಓಡ್ಬಂದು ಒಳಿಕ್ಕೆ ನುಗ್ದ."

"ನೀವು?"

ಅರ್ಪಿತ ಅಪ್ಪನ ಪಕ್ಕದಿಂದ ಸರಿದು ಹೋಗಿ ದ್ಯಾವಮ್ಮನ ಹತ್ತಿರ ನಿಂತಳು. ಪೊಲೀಸರು ಅವನನ್ನು ಎಬ್ಬಿಸಿ ಜೀಪಿಗೆ ಹತ್ತಿಸಿದರು.

ಮಧ್ಯಾಹ್ನ ಮಂಡ್ಯದ ಆಸ್ಪತ್ರೆಗೆ ಹೋದಾಗ ವಾರ್ಡಿನ ಬಾಗಿಲಲ್ಲಿ ಪೊಲೀಸಿನವನು ಇರಲಿಲ್ಲ. ಸಿದ್ದೇಶನಿಗೆ ಅಂದು ಬೆಳಗ್ಗೆಯಷ್ಟೇ ದನಿ ಬಂದಿತ್ತು, ಪಿಸುಮಾತಿನಷ್ಟು. ಮೊಣಕೈವರೆಗೂ ಪಟ್ಟಿ. ಬೆರಳುಗಳು ಇನ್ನು ಮಡಚಲಾರವು ಎಂದು ಡಾಕ್ಟರು ಹೊರಗೇ ಹೇಳಿದ್ದರು. ಪ್ರಮೀಳಾ ಮಂಚದ ಹತ್ತಿರ ಬಗ್ಗಿ, "ನಿನ್ನ ಮೇಲೆ ಇನ್ನು ಯಾವ ಕೇಸೂ ಇಲ್ಲ ಕಣಪ್ಪ," ಎಂದರು.

ಅವನಿಗೆ ಕೇಸು ಇದ್ದದ್ದೇ ಗೊತ್ತಿರಲಿಲ್ಲ. "ಅಮ್ಮೋರು ಎಂಗವ್ರೆ?" ಎಂದು ಕೇಳಿದ.

ಮಾರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಚೆನ್ನಾಗವ್ರೆ ಎಂದು ಅವಳೇ ಇಷ್ಟು ದಿನ ಹೇಳಿಕೊಂಡು ಬಂದಿದ್ದಳು. ಕೋರ್ಟಿನಲ್ಲಿ ಒಂದು ಸಲವೂ ಮಾತಿಗೆ ತಡಕಾಡದ ಪ್ರಮೀಳಾ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರೇ ಮಂಚದ ತುದಿಯಲ್ಲಿ ಕೂತು ಹೇಳಬೇಕಾಯಿತು.

"ಹೋಗಿಬಿಟ್ಟರು ಕಣಪ್ಪ. ದಾರಿಯಲ್ಲೇ."

"ಉಸ್ರಾಡ್ತಿದ್ರು ಸಾ. ನನ್ ಎಗಲ್ ಮ್ಯಾಲೆ ಉಸ್ರಾಡ್ತಿದ್ರು."

"ಹೂಂ. ಆಡ್ತಿದ್ದರು."

ಸಿದ್ದೇಶ ಗೋಡೆ ಕಡೆ ಮುಖ ತಿರುಗಿಸಿದ. ಅಳುವುದಕ್ಕೂ ಅವನ ಗಂಟಲಲ್ಲಿ ಶಕ್ತಿ ಇರಲಿಲ್ಲ. ಆಮೇಲೆ ಈ ಕಡೆ ತಿರುಗಿ ತಾಯಿಯನ್ನು ನೋಡಿದ.

"ಕೈ ಓದ್ರೆ ಓಗ್ಲಿ ಕಣವ್ವ. ಬಾಯಲ್ಲೇ ಯೋಳ್ಕೊಡ್ತೀನಿ. ಮರದಡೀಲಾದ್ರೂ ಸೈ. ಮಕ್ಳು ಬತ್ತಾರಾ?"

ಮಾರಮ್ಮ ಈ ಸಲ ಸುಳ್ಳು ಹೇಳಲಿಲ್ಲ.

"ಯಾರ್ ಕಳಿಸ್ತಾರ್ಲಾ ಮಗ," ಎಂದಳು.