ಕೇಳಿದ್ದಕ್ಕಷ್ಟೇ ಉತ್ತರ

ಗಾಜಿನ ತಟ್ಟೆಯಲ್ಲಿ ತೇವದ ಕಾಗದ; ಕಾಗದದ ಮೇಲೆ ಸಾಲುಸಾಲಾಗಿ ಮೆಣಸಿನ ಬೀಜ. ಕಿಟಕಿಯ ಬೆಳಕು ಎಳೆಯ ಬಿಳಿ ಮೊಳಕೆಗಳನ್ನು ಸವರಿ, ಮೊಳೆಯದೆ ಉಳಿದ ಬೀಜಗಳ ಬಳಿ ನಿಂತಿತ್ತು. ತಟ್ಟೆಯ ಅಂಚು ಹಿಡಿದ ಬೆರಳುಗಳು ಅಲುಗುತ್ತಿರಲಿಲ್ಲ.

ಬೆರಳುಗಳು ನಿರ್ಮಲಾಳವು. ಬ್ಯಾಡಗಿಯ ಬೀಜ ಕಂಪನಿಯ ಪರೀಕ್ಷಾ ಕೋಣೆಗೆ, ಕಂಪ್ಯೂಟರ್ ಕೆಲಸದ ಕೊಟ್ರೇಶ 2007ರ ಚಳಿಗಾಲದಲ್ಲಿ ಮೊದಲ ಸಲ ಬಂದಾಗ ಅವಳು ಕಣ್ಣೆತ್ತಲಿಲ್ಲ; ಅವಳಾಗಿ ಮಾತಾಡಿಸುವವರೆಗೆ ಅವನೂ ಬಾಗಿಲಲ್ಲೇ ನಿಂತಿದ್ದ.

"ಚಪ್ಪಲ್ ಹೊರಗ ಬಿಡ್ರಿ. ಅದೇನೋ ಹೊಸಾ ಸಾಫ್ಟ್‌ವೇರ್ ಅಂತಲ್ರಿ, ಏನದು?"

"ಸರ್ವಿಸ್ ಅಂತಾರ್ರಿ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು, ಮೂರೂ ಕಡೆ ಮೊಳಕಿ ಲೆಕ್ಕ ಬ್ಯಾರೆ ಬ್ಯಾರೆ ನಡದೈತಿ. ಇನ್ನ ಆ ಲೆಕ್ಕ ಒಂದೇ ಕಡೆ. ಬಿಲ್ಲಿನವರು ಕೇಳ್ಲಿ, ಗೋದಾಮಿನವರು ಕೇಳ್ಲಿ, ಅದು ಉತ್ತರಾ ಕೊಡ್ತದ. ಒಳಗ ಹೆಂಗ ಮಾಡ್ತದ ಅಂತ ಯಾರೂ ನೋಡೂದು ಬ್ಯಾಡ."

"ಕೇಳದಿದ್ರ?"

"ಸುಮ್ಮನಿರ್ತದ."

"ಹಂಗಾರ ನಿಮ್ಮಂಥಾದ್ದ." ಅವಳ ಕಣ್ಣಂಚಿನಲ್ಲಿ ನಗು ಸುಳಿದು ಮರೆಯಾಯಿತು. ಅವನಿಗೆ ಅಷ್ಟು ಸಾಕಾಯಿತು.

ಯಾವ ಮೊಳಕೆ ಗಟ್ಟಿ, ಯಾವುದು ಸೊಟ್ಟ ಎಂದು ಅವಳು ಹೇಳುತ್ತ ಹೋದಳು. ಅವನು ಅದನ್ನು ಕಂಪ್ಯೂಟರಿಗೆ ಕಲಿಸುತ್ತ ಹೋದ. ತಟ್ಟೆ ಕೈಬದಲಾಗುವಾಗ ಬೆರಳಿಗೆ ಬೆರಳು ತಾಗುತ್ತಿತ್ತು; ಇಬ್ಬರೂ ಬೀಜವನ್ನೇ ನೋಡುತ್ತಿದ್ದರು. ಬೇಸಿಗೆಗೆ ಇಬ್ಬರ ಮನೆಯವರೂ ಮಾತಾಡಿ, ನಿಶ್ಚಿತಾರ್ಥಕ್ಕೆ ದಿನ ಗೊತ್ತುಮಾಡಿದರು.

ಆ ದಿನ ಬರುವ ಮೊದಲೇ ಸಾಫ್ಟ್‌ವೇರ್ ಶುರುವಾಯಿತು. ಅದೇ ಮುಂಜಾನೆ ಆದೇಶ ಬಂತು: ಪರೀಕ್ಷೆಯೂ ಇನ್ನು ರಾಣೆಬೆನ್ನೂರಿನಲ್ಲೇ, ಹಾವೇರಿ, ಬ್ಯಾಡಗಿಯ ಕೋಣೆಗಳು ಬಂದ್. ತಟ್ಟೆ ತೊಳೆಯುವ ಮುತ್ತವ್ವ ಅಂಗಳದಲ್ಲಿ ಗೋಡೆಗೊರಗಿ ಕುಳಿತುಬಿಟ್ಟಳು.

"ಲೆಕ್ಕ ಒಂದೇ ಕಡೆ ಅಂದಿದ್ರಿ," ಎಂದಳು ನಿರ್ಮಲಾ. "ಕೋಣಿ ಮುಚ್ಚೂದು ನಿಮಗ ಯಾವಾಗ ಗೊತ್ತಾತು?"

"ಮೊದಲ್ನೇ ದಿನಾನ."

"ಹೇಳಲಿಲ್ಲ."

"ನೀವು ಕೇಳಲಿಲ್ರಿ." ಅಂದ ಮೇಲೆ ಆ ಮಾತಿನ ಚಳಿ ಅವನಿಗೇ ತಾಗಿತು. ತಗ್ಗಿದ ದನಿಯಲ್ಲಿ ಸೇರಿಸಿದ: "ಹೇಳಿದ್ರ ನೀವು ನನ್ನ ಬಾಜೂಕ ಕುಂದರ್ತಿದ್ದಿಲ್ಲ."

"ಏನ ಕೇಳಬೇಕಂತ ಗೊತ್ತಿಲ್ಲದ್ದನ್ನ ಹೆಂಗ ಕೇಳ್ಲಿ? ಬಾಳೇವು ಪೂರಾ ಹಿಂಗ ಪ್ರಶ್ನಿ ಹಾಕ್ಕೋತ ಇರ್ಲೇನು?"

"ರಾಣೆಬೆನ್ನೂರಾಗ ನಿಮಗೊಂದು ಜಾಗಾ ಮಾಡ್ಸೇನಿ. ಸಾಹೇಬ್ರು ಹೂಂ ಅಂದಾರ."

"ಮುತ್ತವ್ವಗ?"

ಅವನು ಕಿಟಕಿಯಾಚೆ, ಅಂಗಳದ ಗೋಡೆಯ ಕಡೆ ನೋಡಿದ.

ಅವಳು ಏಪ್ರನ್ ಬಿಚ್ಚಿ ಮಡಚಿ ಮೇಜಿನ ಮೇಲಿಟ್ಟಳು. ಊಟದ ಚೀಲ ಹೆಗಲಿಗೇರಿಸಿದಳು.

"ನಿರ್ಮಲಾ, ಮನ್ಯಾಗ ಏನಂತ ಹೇಳ್ಲಿ?"

"ನಾನ ಹೇಳ್ತೇನ್ರಿ. ನೀವು ಸುಮ್ಮನಿರ್ರಿ. ನಿಮಗದು ಚಲೋ ಬರ್ತದ."

ಅವನು ಒಂದು ಹೆಜ್ಜೆ ಮುಂದಿಡುವಷ್ಟರಲ್ಲಿ ಅವಳು ಹೊಸ್ತಿಲು ದಾಟಿದ್ದಳು. ಸ್ಪ್ರಿಂಗಿನ ಬಾಗಿಲು ಅವಳ ಬೆನ್ನ ಹಿಂದೆ ಮೆಲ್ಲಗೆ, ಪೂರ್ತಿಯಾಗಿ ಮುಚ್ಚಿಕೊಂಡಿತು.