ಮರಳೂರಿನಾಚೆಯ ಡಬ್ಬಿ

ಹಾರೆ ನನ್ನ ಗಂಟಲಿಂದ ಒಂದೇ ಗೇಣು!

ಕಡಬದ ಕೆರೆ ಏರಿ. ಸುಡುವ ಮಧ್ಯಾಹ್ನ. ಗುಬ್ಬಿಯಿಂದ ಅಟ್ಟಿಸಿಕೊಂಡು ಬಂದು ಬೈಕೂ ಸುಸ್ತು, ನಾನೂ ಸುಸ್ತು. ಹಾರೆ ಹಿಡಿದವನು ಸಾದಿಕ್. ನಮ್ಮ ಕಂಪನಿಯ ಕೇಬಲ್ ಜಾಯಿಂಟ್ ಹಾಕುವವನು.

"ಹತ್ರ ಬರ್ಬೇಡಿ ಕಾಂತೇಶಣ್ಣ! ಹಾಕ್ಬುಡ್ತೀನಿ!"

"ಹಾಕು. ಹಂಗಾದ್ರೂ ಒಂದ್ ವಾರ ಮಲಗ್ತೀನಿ."

ಹಾರೆಯ ತುದಿ ನಿಧಾನಕ್ಕೆ ನೆಲಕ್ಕಿಳಿಯಿತು...

ವಿಷಯ ಇಷ್ಟು. ಗುಬ್ಬಿಯಿಂದ ತುಮಕೂರು ಹಾದು ಕುಣಿಗಲ್‌ಗೆ ನಮ್ಮ ಫೈಬರ್ ಕೇಬಲ್, ಕೂದಲಿನಷ್ಟು ಸಣ್ಣ ಗಾಜಿನ ಎಳೆ. ಒಳಗೆ ಓಡುವ ಬೆಳಕಿನಲ್ಲಿ ಕೆಲವು ಬಣ್ಣ ಮುಂದೋಡುತ್ತವೆ, ಕೆಲವು ಹಿಂದೆ ಬೀಳುತ್ತವೆ. ಸಿಗ್ನಲ್ ಹರಡಿಹೋಗುತ್ತೆ. ಅದಕ್ಕೇ ನಟ್ಟನಡುವೆ, ಮರಳೂರಿನಾಚೆ, ಒಂದು ಡಬ್ಬಿ. ಅದರೊಳಗೆ ಜೋರಾದ ಇನ್ನೊಂದು ಲೇಸರ್. ಎರಡು ಬೆಳಕೂ ಬೆರೆತರೆ ಬಣ್ಣಗಳ ಸಾಲೇ ತಿರುಗುಮುರುಗು! ಹಿಂದೆ ಬಿದ್ದದ್ದಕ್ಕೆ ವೇಗ, ಮುಂದೋಡಿದ್ದಕ್ಕೆ ಸುಸ್ತು. ಉಳಿದರ್ಧ ದಾರಿಯಲ್ಲಿ ಎಲ್ಲ ಮತ್ತೆ ಒಟ್ಟಾಗಬೇಕು.

ಆಗಲಿಲ್ಲ. ಕುಣಿಗಲ್ ತಲುಪಿದ್ದು ಬರೀ ಗಲೀಜು.

"ಸಾದಿಕ್ ಬೇಕಂತಲೇ ಕೆಡಿಸವ್ನೆ," ಅಂದ ಮ್ಯಾನೇಜರ್ ಸೋಮಶೇಖರ್. ಐದು ಗಂಟೆಗೆ ಪೊಲೀಸ್ ಕಂಪ್ಲೇಂಟ್. ಅಷ್ಟರೊಳಗೆ ಅವನನ್ನು ಹಿಡಿದು ತರೋದು ನನ್ನ ಡ್ಯೂಟಿ.

"ಓಡಿದ್ಯಾಕ್ಲಾ?"

"ಜೈಲು ಅಂದ್ರು. ನನ್ ಹೆಂಡ್ತಿಗೆ ದಿನ ತುಂಬೈತೆ ಅಣ್ಣ..."

"ಕೇಬಲ್‌ಗೆ ಏನ್ ಮಾಡ್ದೆ? ನಿಜ ಹೇಳು."

"ಏನೂ ಇಲ್ಲ! ಗುಬ್ಬಿ ಕಡೆ ಪ್ರತಿ ಜಾಯಿಂಟ್ ಗುಂಡೀಲೂ ಎಂಬತ್ತು ಮೀಟ್ರು ಕೇಬಲ್ಲು ಜಾಸ್ತಿ ಸುತ್ತಿ ಬಿಟ್ಟಿದೀನಿ. ಜೆಸಿಬಿ ಕಿತ್ತಾಗ ಎಳ್ಕೊಳ್ಳೋಕೆ. ನಮ್ ಉಸ್ತಾದ್ ಕಲಿಸಿದ್ದೇ ಹಂಗೆ."

"ಕುಣಿಗಲ್ ಕಡೆ?"

"ಅಲ್ಲಿ ಬ್ಯಾಡ, ವೇಸ್ಟು ಅಂದ್ರು ಮ್ಯಾನೇಜರ್ ಸಾಹೇಬ್ರು."

ಏರಿ ಮೇಲೇ ಕೂತುಬಿಟ್ಟೆ.

"ಗುಬ್ಬಿ ಕಡೇದು ಒಟ್ಟು ಎಷ್ಟಾಯ್ತದೆ?"

"ನಾಕ್ ಕಿಲೋಮೀಟ್ರು."

ಡಬ್ಬಿಗೆ ನಡು ಗೊತ್ತುಮಾಡಿದ್ದು ಸೋಮಶೇಖರ್. ಕಾರಿನ ಮೀಟರ್ ನೋಡಿ! ಬೆಳಕು ಕಾರಲ್ಲಿ ಹೋಗಲ್ಲ ಸ್ವಾಮಿ... ಗುಂಡಿಯಲ್ಲಿ ಸುತ್ತಿಟ್ಟ ಗಾಜನ್ನೂ ಸುತ್ತಿಯೇ ಹೋಗಬೇಕು. ಅಂದರೆ ಗುಬ್ಬಿ ಕಡೆ ನಾಲ್ಕು ಕಿಲೋಮೀಟರ್ ಜಾಸ್ತಿ, ಡಬ್ಬಿ ನಡುವಲ್ಲೇ ಇಲ್ಲ!

"ಹಾರೆ ಬಿಸಾಕು. ಬೈಕ್ ಹತ್ತು!"

ಲಾರಿ, ಹಂಪು, ಎಮ್ಮೆ ಹಿಂಡು... ಹ್ಯಾಂಡಲ್ ಹಿಡಿದ ಕೈ ಮರಗಟ್ಟಿತು. ತುಮಕೂರಿನ ಸ್ಟೋರ್‌ನಿಂದ ನಾಲ್ಕು ಕಿಲೋಮೀಟರ್ ಫೈಬರಿನ ಸುರುಳಿ ಎತ್ತಿಕೊಂಡೆವು. ಊಟದ ತಟ್ಟೆಯಷ್ಟೇ ಅಗಲ. ಸಾದಿಕ್ ಅದನ್ನು ಮಗುವಿನ ಥರ ಅವುಚಿಕೊಂಡು ಕೂತ.

ಕುಣಿಗಲ್ ಆಫೀಸ್. ಐದಕ್ಕೆ ಹತ್ತೇ ನಿಮಿಷ! ಬಾಗಿಲಲ್ಲಿ ಸೋಮಶೇಖರ್.

"ಹಿಡ್ಕೊಂಡ್ ಬಂದ್ರಾ? ಗುಡ್! ಅವ್ನನ್ನ ಒಳಗೆ ಮಾತ್ರ ಬಿಡ್ಬೇಡಿ!"

"ಪಕ್ಕಕ್ಕೆ ಬನ್ನಿ ಸರ್."

"ರೀ, ನಾನು ಮ್ಯಾನೇಜರ್ರು!"

"ಗೊತ್ತು. ಅದೇ ಪ್ರಾಬ್ಲಮ್ಮು."

ಭುಜದಲ್ಲಿ ತಳ್ಳಿದೆ. ಸಾದಿಕ್ ಒಳಗೆ ನುಗ್ಗಿ ಸುರುಳಿ ಜೋಡಿಸಿದ. ಈಗ ಡಬ್ಬಿಯ ಎರಡೂ ಕಡೆ ಗಾಜು ಸಮ.

ಸ್ಕ್ರೀನ್ ಮೇಲೆ ಕೆಂಪು... ಕೆಂಪು...

ಹಸಿರು!

ಸಾದಿಕ್ ಮುಖ ಮುಚ್ಚಿಕೊಂಡು ನೆಲದ ಮೇಲೆ ಕುಸಿದ. ಕಾರಿನ ಮೀಟರಿನ ಕತೆಯನ್ನು ನಾನು ಎರಡೇ ಮಾತಲ್ಲಿ ಹೇಳಿದೆ. ಸೋಮಶೇಖರ್ ಬೆವರು ಒರೆಸಿಕೊಂಡ.

"ಕಂಪ್ಲೇಂಟ್ ಕೊಡ್ತೀನಿ ಅಂತ ಹೆಡ್ ಆಫೀಸಿಗೆ ಹೇಳಾಗಿದೆ ಕಣ್ರೀ. ಈಗ ಯಾರ ಹೆಸ್ರು ಬರೀಲಿ?"

"ನಿಮ್ದೇ ಬರೀರಿ ಸರ್... ಸ್ಪೆಲಿಂಗ್ ಆದ್ರೂ ತಪ್ಪಾಗಲ್ಲ."